ಫ್ರೀಜರ್ ಸಿಗಡಿ ತಗೊಳ್ತೀರಾ? ಮೊದಲು ಪ್ಯಾಕೆಟ್ ಒಳಗಿನ ಐಸ್ ನೋಡಿ

ಕುಮಟಾ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಈ 61 ದಿನ ಪೇಟೆಯಲ್ಲಿ ತಾಜಾ ಸಿಗಡಿ ಕಡಿಮೆ, ಫ್ರೀಜರ್ ಮಾಲಿಗೆ ಬೇಡಿಕೆ ಜಾಸ್ತಿ. ಮಳೆಗಾಲದ ಕರೆಂಟ್ ಕಾಟವೂ ಇದೇ ಹೊತ್ತಿಗೆ.

ಫ್ರೀಜರಿಗೆ ಹಾಕಿದ ಮೇಲೆ ಬ್ಯಾಕ್ಟೀರಿಯಾ ಸಾಯ್ತದೆ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಎಲ್ಲವೂ ಸಾಯುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಅವುಗಳ ಬೆಳವಣಿಗೆ ನಿಲ್ಲುತ್ತದೆ, ಅಷ್ಟೇ. ಐಸ್ ಕರಗಿ ಸಿಗಡಿ ಬೆಚ್ಚಗಾದರೆ ಮತ್ತೆ ಶುರು. 5ರಿಂದ 60 ಡಿಗ್ರಿ ನಡುವೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೇ ಎರಡರಷ್ಟು ಆಗಬಹುದು. ಹೀಗೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಿದರೆ ಗಟ್ಟಿ ಆಗ್ತದೆ, ಶುದ್ಧ ಆಗುವುದಿಲ್ಲ.

ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಸಮುದ್ರ, ಹಿನ್ನೀರಿನಲ್ಲೇ ಇರುತ್ತದೆ. ಸಾಲ್ಮೊನೆಲ್ಲಾ, ಇ ಕೋಲಿ ಕೊಳಕು ನೀರು, ಐಸ್, ಕೈ, ಚಾಕುವಿನಿಂದ ಅಂಟುತ್ತವೆ. ಇವುಗಳಿಂದ ವಾಂತಿ, ಭೇದಿ, ಜ್ವರ ಬರಬಹುದು. ಚೆನ್ನಾಗಿ ಬೇಯಿಸಿದರೆ ಇವು ಸಾಯುತ್ತವೆ. ಆದರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಅದಕ್ಕೇ ಸಿಗಡಿ ಅಂಗಡಿಯಲ್ಲಿ ಕರಗದಂತೆ ನೋಡಿಕೊಳ್ಳುವುದು ಮುಖ್ಯ.

ಗ್ರಾಹಕರು ಏನು ನೋಡಬೇಕು?

ಬಿಡಿಬಿಡಿಯಾಗಿ ಇರಬೇಕಾದ ಸಿಗಡಿ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ, ಪ್ಯಾಕೆಟ್ ಮೂಲೆಯಲ್ಲಿ ನೀರು ನಿಂತು ಐಸ್ ಆಗಿದ್ದರೆ ಒಮ್ಮೆ ಕರಗಿದೆ ಎಂದೇ ಲೆಕ್ಕ. ಅಮೋನಿಯಾದಂಥ ಘಾಟು ಬಂದರೆ ಬೇಡ. ತಲೆ ಕಪ್ಪಾಗುವುದು ಬ್ಯಾಕ್ಟೀರಿಯಾದಿಂದಲ್ಲ, ಸಿಗಡಿಯ ಮೈಯೊಳಗಿನ ಕಿಣ್ವದಿಂದ. ಆದರೂ ಮಾಲು ಹಳತಾಗಿದೆ ಎಂಬ ಸೂಚನೆ ಅದು. ಪ್ಯಾಕೆಟ್ ಮೇಲೆ ದಿನಾಂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಪೇಟೆ ಕೆಲಸ ಎಲ್ಲ ಮುಗಿದ ಮೇಲೆ ಕೊನೆಗೆ ಸಿಗಡಿ ಕೊಳ್ಳಿ.

ಮನೆಯಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು ಕರಗಿಸಿ, ಹೊರಗೆ ಇಡಬೇಡಿ. ಸಿಗಡಿ ಕೊಯ್ದ ಚಾಕುವಿನಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚಬೇಡಿ.

ಅಂಗಡಿಯವರಿಗೆ

ಬಿಲ್ ಉಳಿಸಲು ರಾತ್ರಿ ಫ್ರೀಜರ್ ಆಫ್ ಮಾಡಬೇಡಿ. ಕರೆಂಟ್ ಹೋದರೆ ಮುಚ್ಚಳ ತೆಗೆಯಬೇಡಿ. ತುಂಬಿದ ಫ್ರೀಜರ್ ಮುಚ್ಚಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿಯುತ್ತದೆ. ಒಳಗೆ ಒಂದು ಥರ್ಮಾಮೀಟರ್ ಇಟ್ಟರೆ ಅಂದಾಜಿನ ಮೇಲೆ ಹೋಗಬೇಕಿಲ್ಲ. ಪೂರ್ತಿ ಕರಗಿ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದ ಮಾಲು ಎಸೆಯುವುದೇ ಸರಿ. ಒಂದು ಕಿಲೋ ನಷ್ಟ ತಡೆದುಕೊಳ್ಳಬಹುದು, ಊರಲ್ಲಿ ಹೋದ ಹೆಸರು ವಾಪಸ್ ಬರುವುದು ಕಷ್ಟ.

ಅನುಮಾನ ಇದ್ದರೆ ಬಿಲ್, ಪ್ಯಾಕೆಟ್ ಇಟ್ಟುಕೊಂಡು ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100ಕ್ಕೆ ದೂರು ಕೊಡಬಹುದು.