ಮೋಟಾರಿನ ಮುಂದೀಪವೂ ಬರಿದಾಗುವ ಬ್ಯಾಟರಿಯೂ

ಕರ್ನಾಟಕದ ಉತ್ತರ ತುದಿಯಲ್ಲಿರುವ ಔರಾದಿನಿಂದ ಮಳೆಗಾಲದ ಮುಂಜಾವಿನಲ್ಲಿ ಬೀದರಿಗೆ ಹೊರಡುವ ವಾಹನವು ಮುಂದೀಪಗಳನ್ನು ಹೊತ್ತಿಸಿಕೊಂಡೇ ಸಾಗಬೇಕಾಗುತ್ತದೆ. ಸುಮಾರು ೪೦ ಕಿಲೋಮೀಟರಿನ ದಾರಿಯನ್ನು ಕ್ರಮಿಸುವಷ್ಟರಲ್ಲಿ ಮೋಡ ಚದುರಿ ಬಿಸಿಲೇರುವುದುಂಟು. ಹಗಲಿನಲ್ಲಿ ದೀಪದ ಬೆಳಕು ಕಣ್ಣಿಗೆ ಬೀಳದು; ಚಾಲಕನು ಎಂಜಿನನ್ನು ನಿಲ್ಲಿಸಿ, ದೀಪವನ್ನು ಮರೆತು, ಬಾಗಿಲು ಹಾಕಿಕೊಂಡು ತನ್ನ ಕೆಲಸಕ್ಕೆ ತೆರಳುತ್ತಾನೆ. ಮಧ್ಯಾಹ್ನ ಹಿಂದಿರುಗಿ ಕೀಲಿಯನ್ನು ತಿರುಗಿಸಿದರೆ ‘ಟಿಕ್ ಟಿಕ್’ ಎಂಬ ಸದ್ದಲ್ಲದೆ ಬೇರೇನೂ ಆಗುವುದಿಲ್ಲ. ಪೇಟೆಯಲ್ಲಿ ಇದು ಬರಿಯ ಕಾಲಹರಣ. ಆದರೆ ರಾತ್ರಿಯ ಹೊತ್ತು ದೂರದ ಹಳ್ಳಿಯಿಂದ ರೋಗಿಯೊಬ್ಬರನ್ನು ಬೀದರಿನ ಆಸ್ಪತ್ರೆಗೆ ಕರೆತರಬೇಕಾದ ವಾಹನಕ್ಕೆ ಈ ಗತಿಯೊದಗಿದರೆ ಅದು ಪ್ರಾಣಸಂಕಟವೇ ಆದೀತು. ಇದನ್ನು ತಡೆಯುವ ಬಗೆ ಹೇಗೆಂಬುದನ್ನು ವಿಚಾರ ಮಾಡೋಣ.

ಮೊದಲು ಬ್ಯಾಟರಿಯ ಸ್ವಭಾವವನ್ನು ತಿಳಿಯಬೇಕು. ಬೀದರಿನ ಪ್ರಸಿದ್ಧ ಬಿದರಿ ಸಾಮಾನುಗಳ ಲೋಹದಲ್ಲಿ ಬಹುಪಾಲು ಸತು, ಅಲ್ಪಪಾಲು ತಾಮ್ರ. ಅದಕ್ಕೆ ಕಪ್ಪು ಬಣ್ಣ ಬರಿಸಲು ಕಸುಬಿನವರು ಕೋಟೆಯ ಮಣ್ಣಿನೊಡನೆ ನವಸಾಗರವನ್ನು ಬಳಸುತ್ತಾರೆ. ಫ್ರಾನ್ಸಿನ ಲೆಕ್ಲಾಂಶೆ ೧೮೬೬ರಲ್ಲಿ ರಚಿಸಿದ ವಿದ್ಯುತ್ಕೋಶದಲ್ಲಿಯೂ ಇದೇ ಸತು, ಇದೇ ನವಸಾಗರ. ಕೈದೀಪದ ಒಣಕೋಶ ಆ ವಂಶದ್ದು. ಅದರೊಳಗಿನ ದ್ರವ್ಯಗಳು ವೆಚ್ಚವಾದರೆ ಕೋಶವನ್ನು ಎಸೆಯಬೇಕು. ಮೋಟಾರಿನ ಬ್ಯಾಟರಿಯದು ಬೇರೆ ಕುಲ. ಫ್ರಾನ್ಸಿನವರೇ ಆದ ಪ್ಲಾಂಟೆ ೧೮೫೯ರಲ್ಲಿ ಕಂಡುಹಿಡಿದ ಈ ಕೋಶದಲ್ಲಿ ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈಆಕ್ಸೈಡಿನದು. ಎರಡೂ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಪ್ರವಾಹ ಹೊರಹರಿದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ವಿರುದ್ಧ ದಿಕ್ಕಿನಲ್ಲಿ ಪ್ರವಾಹವನ್ನು ಹಾಯಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಇಂಥ ಆರು ಕೋಶಗಳು ಸೇರಿ ನಮ್ಮ ೧೨ ವೋಲ್ಟಿನ ಬ್ಯಾಟರಿ. ಪೂರ್ಣ ತುಂಬಿದಾಗ ಅದು ಸುಮಾರು ೧೨.೬ ವೋಲ್ಟು ತೋರಿಸುತ್ತದೆ.

ಈಗ ಸ್ವಲ್ಪ ಲೆಕ್ಕ. ಸಣ್ಣ ಕಾರೊಂದರ ಬ್ಯಾಟರಿಯ ಧಾರಣಶಕ್ತಿ ೩೫ ಆಂಪೇರು-ಗಂಟೆ ಎಂದಿಟ್ಟುಕೊಳ್ಳೋಣ. ಎಂಜಿನನ್ನು ಹೊರಡಿಸುವ ಸ್ಟಾರ್ಟರು ೧೫೦ ಆಂಪೇರಿನಷ್ಟು ಭಾರಿ ಪ್ರವಾಹವನ್ನು ಸೆಳೆದರೂ ಅದು ೩ ಸೆಕೆಂಡುಗಳ ಕೆಲಸ. ವೆಚ್ಚ ಒಂದು ಆಂಪೇರು-ಗಂಟೆಯ ಎಂಟನೆಯ ಒಂದು ಭಾಗ ಮಾತ್ರ. ಮುಂದೀಪಗಳ ರೀತಿ ಹಾಗಲ್ಲ. ತಲಾ ೫೫ ವಾಟಿನ ಎರಡು ಬಲ್ಬುಗಳಿಗೆ ೧೧೦ ವಾಟು, ಹಿಂದೀಪ ಮೊದಲಾದವುಗಳಿಗೆ ೨೦ ವಾಟು, ಒಟ್ಟು ೧೩೦ ವಾಟು. ಇದನ್ನು ೧೨ ವೋಲ್ಟಿನಿಂದ ಭಾಗಿಸಿದರೆ ಸುಮಾರು ೧೧ ಆಂಪೇರು. ಎಂಜಿನನ್ನು ಒಮ್ಮೆ ಹೊರಡಿಸುವಷ್ಟು ವಿದ್ಯುತ್ತನ್ನು ಈ ದೀಪಗಳು ೪೧ ಸೆಕೆಂಡುಗಳಲ್ಲಿಯೇ ಕುಡಿದುಬಿಡುತ್ತವೆ! ಮೂರು ಗಂಟೆಗಳ ಆಸುಪಾಸಿನಲ್ಲಿ ಬ್ಯಾಟರಿ ಬರಿದು. ಸ್ಟಾರ್ಟರನ್ನು ತಿರುಗಿಸುವ ಬಲವಂತೂ ಅದಕ್ಕೂ ಮೊದಲೇ ಉಡುಗಿರುತ್ತದೆ. ಎಲ್‌ಇಡಿ ದೀಪಗಳು ಇದರ ಅರ್ಧದಷ್ಟೇ ಬಳಸಿದರೂ ಇಡೀ ರಾತ್ರಿ ಉರಿದರೆ ಫಲ ಒಂದೇ. ಎಂಜಿನು ಓಡುತ್ತಿರುವಾಗ ಈ ಭಯವಿಲ್ಲ; ಆಗ ಆಲ್ಟರ್ನೇಟರೆಂಬ ಜನಕಯಂತ್ರವು ಸುಮಾರು ೧೪ ವೋಲ್ಟಿನಲ್ಲಿ ದೀಪಗಳಿಗೆ ಪ್ರವಾಹವನ್ನೊದಗಿಸಿ, ಬ್ಯಾಟರಿಯನ್ನೂ ತುಂಬುತ್ತಿರುತ್ತದೆ.

ಬರಿದಾದ ಬ್ಯಾಟರಿಯನ್ನು ಮತ್ತೆ ತುಂಬಬಹುದಷ್ಟೆ, ಹಾನಿಯೇನು ಎಂದು ವಾಚಕರು ಕೇಳಬಹುದು. ಹಾನಿಯುಂಟು. ಹೊಸದಾಗಿ ಕೂತ ಸೀಸದ ಸಲ್ಫೇಟಿನ ಹರಳುಗಳು ಸಣ್ಣವು. ಅವು ಸುಲಭವಾಗಿ ಕರಗುತ್ತವೆ. ಬ್ಯಾಟರಿಯನ್ನು ಹಲವು ದಿನ ಹಾಗೆಯೇ ಬಿಟ್ಟರೆ ಅವು ದೊಡ್ಡವಾಗಿ, ಗಟ್ಟಿಯಾಗಿ, ಫಲಕದ ಒಂದಿಷ್ಟು ಭಾಗವನ್ನು ನಿರುಪಯೋಗಿಯಾಗಿಸುತ್ತವೆ. ಸ್ಟಾರ್ಟರಿಗಾಗಿ ಮಾಡಿದ ಫಲಕಗಳು ತೆಳು. ಪೂರ್ಣ ಬರಿದಾಗುವ ಪ್ರಸಂಗ ಪದೇ ಪದೇ ಬಂದರೆ ಅವು ತಾಳಲಾರವು. ಬೀದರ್ ಜಿಲ್ಲೆಯ ಬೇಸಗೆಯಲ್ಲಿ ತಾಪವು ೪೦ ಡಿಗ್ರಿ ಸೆಲ್ಸಿಯಸನ್ನು ದಾಟುತ್ತದೆ. ಈ ಸೆಕೆಯೂ ಫಲಕಗಳ ಸವೆತವನ್ನು ಹೆಚ್ಚಿಸುವುದರಿಂದ ಅಲ್ಲಿನ ಬ್ಯಾಟರಿಗೆ ಎರಡು ಕಡೆಯ ಪೆಟ್ಟು.

ನಿವಾರಣೋಪಾಯಗಳಲ್ಲಿ ಅತ್ಯಂತ ಸರಳವಾದುದು ಎಚ್ಚರಿಕೆಯ ಗಂಟೆ. ಅದರ ತತ್ತ್ವ ಸೊಗಸಾಗಿದೆ. ವಾಹನದಲ್ಲಿ ಎರಡು ತಂತಿಗಳನ್ನು ಆರಿಸಿಕೊಳ್ಳೋಣ: ದೀಪದ ಗುಂಡಿ ಹಾಕಿದಾಗ ೧೨ ವೋಲ್ಟು ಪಡೆಯುವುದು ಒಂದು, ಕೀಲಿ ತಿರುಗಿಸಿದಾಗ ೧೨ ವೋಲ್ಟು ಪಡೆಯುವುದು ಇನ್ನೊಂದು. ಇವೆರಡರ ನಡುವೆ ಪುಟ್ಟ ಬಜರೊಂದನ್ನು ಜೋಡಿಸಬೇಕು. ದೀಪವೂ ಕೀಲಿಯೂ ಚಾಲೂ ಇರುವಾಗ ಎರಡು ತುದಿಗಳಲ್ಲಿಯೂ ಸಮಾನ ವಿದ್ಯುದೊತ್ತಡ. ಅಂತರವಿಲ್ಲದ ಕಡೆ ಪ್ರವಾಹವಿಲ್ಲ, ಬಜರು ಮೌನ. ದೀಪ ಉರಿಯುತ್ತಿರುವಂತೆಯೇ ಕೀಲಿಯನ್ನು ಮುಚ್ಚಿದರೆ ಎರಡನೆಯ ತುದಿ ಸೊನ್ನೆಗಿಳಿಯುತ್ತದೆ. ಆ ಬದಿಯ ಇತರ ಉಪಕರಣಗಳ ಮೂಲಕ ಅಲ್ಪ ಪ್ರವಾಹ ಹರಿದು ಬಜರು ಕೂಗುತ್ತದೆ. ಹಗಲು ಕೀಲಿ ಮಾತ್ರ ಚಾಲೂ ಇದ್ದಾಗ ಪ್ರವಾಹ ಹಿಮ್ಮುಖವಾಗಿ ಹರಿಯದಂತೆ ಡಯೋಡೊಂದು ತಡೆಯುತ್ತದೆ.

ಎರಡನೆಯ ಉಪಾಯ ರಿಲೇ. ಇದು ಚಿಕ್ಕ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಆಳುವ ವಿದ್ಯುತ್ಕಾಂತದ ಸ್ವಿಚ್ಚು. ಮುಂದೀಪದ ರಿಲೇಯ ಸುರುಳಿಗೆ ಕೀಲಿಯ ಮೂಲಕವೇ ಪ್ರವಾಹ ಬರುವಂತೆ ಮಾಡಿದರೆ, ಕೀಲಿ ಮುಚ್ಚಿದೊಡನೆ ದೀಪ ತಾನಾಗಿ ಆರುತ್ತದೆ. ಕೆಟ್ಟು ನಿಂತ ವಾಹನವು ಕತ್ತಲಲ್ಲಿ ಇತರರಿಗೆ ಕಾಣಬೇಕಾದ್ದರಿಂದ ನಿಲುಗಡೆಯ ಕಿರುದೀಪಗಳನ್ನು ಮಾತ್ರ ಇದರಿಂದ ಹೊರಗಿಡಬೇಕು. ಈಚಿನ ಹಲವು ಕಾರುಗಳಲ್ಲಿ ಇಂಥ ಏರ್ಪಾಡು ಮೊದಲೇ ಇರುತ್ತದೆ; ಹಳೆಯ ಜೀಪು, ಸರಕುಗಾಡಿಗಳಲ್ಲಿ ನುರಿತ ವಿದ್ಯುತ್ ಕೆಲಸಗಾರರಿಂದ, ಫ್ಯೂಜು ಸಹಿತವಾಗಿ, ಮಾಡಿಸಿಕೊಳ್ಳಬಹುದು.

ಇಷ್ಟಾದರೂ ಬ್ಯಾಟರಿ ಬರಿದಾದರೆ? ಇನ್ನೊಂದು ವಾಹನದ ೧೨ ವೋಲ್ಟಿನ ಬ್ಯಾಟರಿಯಿಂದ ದಪ್ಪ ತಂತಿಗಳ ಮೂಲಕ ಎರವಲು ಪಡೆಯುವುದು ರೂಢಿ. ಧನ ತುದಿಗೆ ಧನ ತುದಿಯನ್ನು ಮೊದಲು ಸೇರಿಸಬೇಕು. ಬ್ಯಾಟರಿಯಿಂದ ಸುಲಭವಾಗಿ ಹೊತ್ತಿಕೊಳ್ಳುವ ಜಲಜನಕ ಹೊಮ್ಮಬಹುದಾದ್ದರಿಂದ ಋಣ ತಂತಿಯ ಕೊನೆಯ ತುದಿಯನ್ನು ಬರಿದಾದ ಬ್ಯಾಟರಿಗೆ ಅಲ್ಲ, ಅದರಿಂದ ದೂರವಾಗಿ ಎಂಜಿನಿನ ಲೋಹಕ್ಕೆ ತಾಗಿಸಬೇಕು. ಬೀದರಿನಿಂದ ಭಾಲ್ಕಿಗೆ ಸುಮಾರು ೪೦ ಕಿಲೋಮೀಟರು, ಒಂದು ಗಂಟೆಯ ಪಯಣ. ಅಷ್ಟರಿಂದಲೇ ಬ್ಯಾಟರಿ ಪೂರ್ಣ ತುಂಬಿತೆಂದು ಭಾವಿಸಲಾಗದು. ಸೀಸದ ಕೋಶ ಕೊನೆಯ ಭಾಗವನ್ನು ಬಹು ನಿಧಾನವಾಗಿ ಸ್ವೀಕರಿಸುತ್ತದೆ. ಭಾಲ್ಕಿ ಮುಟ್ಟಿದ ಮೇಲೆ ಚಾರ್ಜರಿಗೆ ಜೋಡಿಸಿ ರಾತ್ರಿಯಿಡೀ ತುಂಬಿಸುವುದೇ ಲೇಸು.

ವಿದ್ಯಾರ್ಥಿಗಳು ಬಜರಿನ ತತ್ತ್ವವನ್ನು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ನಾಲ್ಕು ಒಣಕೋಶಗಳನ್ನು ಸರಣಿಯಲ್ಲಿಟ್ಟು ೬ ವೋಲ್ಟು ಪಡೆದು, ಎರಡು ಸ್ವಿಚ್ಚುಗಳ ಮೂಲಕ ೬ ವೋಲ್ಟಿನ ಎರಡು ತಂತಿಬಲ್ಬುಗಳನ್ನು ಬೇರೆ ಬೇರೆಯಾಗಿ ಉರಿಸಿ. ಒಂದು ಬಲ್ಬು ಮುಂದೀಪ, ಇನ್ನೊಂದು ಕೀಲಿಯ ಬದಿಯ ಉಪಕರಣ. ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ಎರಡು ತಂತಿಗಳ ನಡುವೆ ಬಜರನ್ನೂ ಡಯೋಡನ್ನೂ ಸೇರಿಸಿ. ಬಜರಿನ ಧನ ತುದಿ ಮುಂದೀಪದ ಕಡೆಗಿರಲಿ. ಸ್ವಿಚ್ಚುಗಳನ್ನು ಹಾಕಿ ತೆಗೆಯುವ ಬಗೆ ಒಟ್ಟು ನಾಲ್ಕು. ಅವುಗಳಲ್ಲಿ ಒಂದರಲ್ಲಿ ಮಾತ್ರ ಬಜರು ಕೂಗುವುದು. ಚಾಲಕನು ಮರೆಯುವುದೂ ಅದೊಂದನ್ನೇ.