ನಡಿಗೆ ಮತ್ತೆ ಕಲಿಸುವ ಕಸುಬು

ಅಣ್ಣಿಗೇರಿ ಸೀಮೆಯ ಆ ಹಿರಿಯರಿಗೆ ಎಪ್ಪತ್ತು ದಾಟಿದೆ. ಎರೆ ಹೊಲದಲ್ಲಿ ಕಡಲೆ, ಬಿಳಿಜೋಳ ಬೆಳೆದವರು. ಹರೆಯದಲ್ಲಿ ಊರಿನ ಹೆಜ್ಜೆಮೇಳದಲ್ಲಿ ಮುಂದಿನ ಸಾಲಿನಲ್ಲಿ ಕುಣಿದವರು. ಪಾರ್ಕಿನ್ಸನ್ ಕಾಯಿಲೆ ಅಂಟಿಕೊಂಡು ವರ್ಷಗಳೇ ಆದವು. ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಲ್ಲಿ ಅವರ ಕಾಲು ನಿಂತುಬಿಡುತ್ತವೆ. ಮೈ ಮುಂದಕ್ಕೆ ಬಾಗುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಪಾದ ಮಾತ್ರ ನೆಲ ಬಿಡುವುದಿಲ್ಲ. ಅದೇ ಅಜ್ಜ ಮಾಳಿಗೆಯ ಮೆಟ್ಟಿಲನ್ನು ಒಂದೊಂದಾಗಿ, ಎಲ್ಲಿಯೂ ತಡವರಿಸದೆ ಹತ್ತಿ ಹೋಗುತ್ತಾರೆ.

ಮನೆಯವರಿಗೆ ಇದು ಬಿಡಿಸಲಾಗದ ಒಗಟಾಗಿತ್ತು. ಸೊಸೆಗೆ ಒಳಗೊಳಗೇ ಬೇಸರವೂ ಇತ್ತು. "ಮೆಟ್ಲ ಹತ್ತಾಕ ಬರ್ತೈತಿ, ಅಡಗಿ ಮನಿಗೆ ಬರಾಕ ಬರೂದಿಲ್ಲೇನ್ರಿ ಮಾವಾರ?" ಎಂದು ಕೇಳಿಯೂ ಇದ್ದರು. ಅಜ್ಜನ ಉತ್ತರ ಯಾವಾಗಲೂ ಒಂದೇ: "ನಾ ಏನ್ ಮಾಡ್ಲಿವಾ, ಕಾಲ ನನ್ನ ಮಾತ ಕೇಳವಲ್ಲವು."

ಈ ಒಗಟನ್ನು ಬಿಡಿಸಿದ್ದು ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಅವಳ ಚೀಲದಲ್ಲಿ ದೊಡ್ಡ ಯಂತ್ರವೇನೂ ಇರಲಿಲ್ಲ. ಬಿಳಿ ಸೀಮೆಸುಣ್ಣ ತೆಗೆದು, ಪಡಸಾಲೆಯಿಂದ ಅಡುಗೆಮನೆಯ ಹೊಸ್ತಿಲಿನವರೆಗೆ ಎರಡೆರಡು ಗೇಣಿಗೆ ಒಂದರಂತೆ ಅಡ್ಡ ಗೆರೆ ಎಳೆದಳು. ಹಿಂದೆ ಸರಿದು ನಿಂತು, "ಅಜ್ಜಾರ, ಬಾಗಲಾ ಮರೀರಿ. ಒಂದೊಂದ ಗೆರಿ ದಾಟ್ರಿ ಸಾಕು" ಎಂದಳು. ಅಜ್ಜ ಮೊದಲ ಗೆರೆಯನ್ನು ದಿಟ್ಟಿಸಿ ನೋಡಿದರು. ಬಲಗಾಲು ಎದ್ದಿತು, ಗೆರೆಯಾಚೆ ಬಿದ್ದಿತು. ಎಡಗಾಲು ಅದರ ಹಿಂದೆ. ಹೊಸ್ತಿಲ ಹತ್ತಿರ ಅರೆಗಳಿಗೆ ತಡೆದರು; ಅಲ್ಲಿಯೂ ಗೆರೆಯಿತ್ತು, ದಾಟಿದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಹಿಟ್ಟಿನ ಕೈಯಲ್ಲೇ ಎದ್ದು ನಿಂತರು.

ನಾನು ಆ ಮನೆಗೆ ಹೋದದ್ದು ಈ ಗೆರೆಗಳನ್ನು ನೋಡಲಿಕ್ಕೆ. ಅವು ಈಗ ಸೀಮೆಸುಣ್ಣದವಲ್ಲ, ಮಗ ಬಿಳಿ ಬಣ್ಣದಲ್ಲಿ ಬಳಿದಿದ್ದಾನೆ.

ನಾವು ನಡೆಯುವಾಗ ನಡಿಗೆಯ ಬಗ್ಗೆ ಯೋಚಿಸುವುದಿಲ್ಲ. ಸಂತೆ ಮುಗಿಸಿ ಬರುವಾಗ ಗಾಡಿಯ ಮೇಲೆ ರೈತ ನಿದ್ದೆ ಹೋದರೂ ಎತ್ತುಗಳು ದಾರಿ ತಪ್ಪದೆ ಮನೆ ಮುಟ್ಟಿಸುವ ಹಾಗೆ, ಮಿದುಳಿನ ಆಳದಲ್ಲಿರುವ ಕೆಲವು ನರಗಂಟುಗಳು ನಮ್ಮ ಹೆಜ್ಜೆಗಳನ್ನು ತಾವೇ ನಡೆಸಿಕೊಂಡು ಹೋಗುತ್ತವೆ. ಅವಕ್ಕೆ ಡೋಪಮಿನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಹೋಗಿರುತ್ತವೆ. ಆಗ ತಾನಾಗಿ ಸಾಗುತ್ತಿದ್ದ ನಡಿಗೆಗೆ ಯಜಮಾನನೇ ಎದ್ದು ಕೂತು ಹಗ್ಗ ಹಿಡಿಯಬೇಕಾಗುತ್ತದೆ. ಕಣ್ಣೆದುರಿನ ಗೆರೆ, ಮೆಟ್ಟಿಲು, ಕಿವಿಗೆ ಬೀಳುವ ತಾಳ ಆ ಹಗ್ಗದ ಕೆಲಸ ಮಾಡುತ್ತವೆ. ಕೆಟ್ಟ ದಾರಿಯನ್ನು ಬಿಟ್ಟು, ಮಿದುಳು ಬೇರೊಂದು ದಾರಿಯಿಂದ ಕಾಲಿಗೆ ಅಪ್ಪಣೆ ಕಳಿಸುತ್ತದೆ.

ಇದು ಇಂದು ನಿನ್ನೆ ತಿಳಿದದ್ದಲ್ಲ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರ ಲಕ್ಷಣ ನೋಡಿ ಈ ಕಾಯಿಲೆಯ ಬಗ್ಗೆ ಬರೆದ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಕಂಡದ್ದಷ್ಟೆ. 1967ರಲ್ಲಿ ಜೇಮ್ಸ್ ಪರ್ಡನ್ ಮಾರ್ಟಿನ್ ಎಂಬ ನರವೈದ್ಯರು ನೆಲದ ಅಡ್ಡಗೆರೆಗಳು ಇಂಥವರ ಕಾಲು ಬಿಡಿಸುವುದನ್ನು ತಮ್ಮ ಪುಸ್ತಕದಲ್ಲಿ ದಾಖಲಿಸಿದರು. 2010ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು 58 ವರ್ಷದ ಒಬ್ಬ ರೋಗಿಯ ಕಥೆ ಪ್ರಕಟಿಸಿದರು: ನಾಲ್ಕು ಹೆಜ್ಜೆ ನಡೆಯಲಾಗದೆ ಬೀಳುತ್ತಿದ್ದ ಆತ ಸೈಕಲ್ ಹತ್ತಿದರೆ ಸಲೀಸಾಗಿ ತುಳಿದುಕೊಂಡು ಹೋಗುತ್ತಿದ್ದ.

ನಮಗೆ ಹತ್ತಿರದ ಉದಾಹರಣೆ ಪುಣೆಯದು. ವಿನ್ಯಾಸಕಿ ಮಿಲೇಹಾ ಸೋನೇಜಿ ಅವರಿಗೆ ಪಾರ್ಕಿನ್ಸನ್ ಇದ್ದ ಚಿಕ್ಕಪ್ಪ ಇದ್ದರು. ಸಪಾಟು ನೆಲದಲ್ಲಿ ಅವರಿಗೆ ವಾಕರ್ ಬೇಕು. ಮೆಟ್ಟಿಲ ಮೇಲೆ ಮಾತ್ರ ಆರಾಮಾಗಿ ನಡೆಯುತ್ತಿದ್ದರು. ಇದನ್ನು ಗಮನಿಸಿದ ಮಿಲೇಹಾ ಮೆಟ್ಟಿಲಿನ ಚಿತ್ರ ಬರೆದು ನೆಲಕ್ಕೆ ಹಾಸಿದರು. ಚಿಕ್ಕಪ್ಪ ಅದರ ಮೇಲೆ ಸರಾಗ ನಡೆದರು. 2015ರಲ್ಲಿ ಮಿಲೇಹಾ ಇದನ್ನು ವೇದಿಕೆಯೊಂದರಲ್ಲಿ ಹೇಳಿದ ಮೇಲೆ ಜಗತ್ತಿನ ತುಂಬ ಜನ ಕೇಳಿದರು. ಅಣ್ಣಿಗೇರಿ ಕಡೆಯ ಸೊಸೆ ಕೇಳಿದ ಪ್ರಶ್ನೆಗೂ ಇದೇ ಉತ್ತರ.

ಮಾತ್ರೆ ಇಲ್ಲವೇ ಎಂದರೆ, ಇದೆ. ಲೆವೊಡೋಪಾ ಮೈಯ ಬಿಗಿತವನ್ನೂ ನಿಧಾನವನ್ನೂ ಚೆನ್ನಾಗಿ ಇಳಿಸುತ್ತದೆ. ಕಲಘಟಗಿ ಕಡೆಯ ಕಾಡಂಚಿನವರು ಮುಟ್ಟಲು ಹೆದರುವ ನಸುಗುನ್ನಿ ಕಾಯಿಯ ಬೀಜದಲ್ಲಿ ಇದೇ ವಸ್ತುವಿದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳೇ ಅದನ್ನು ಬೇರ್ಪಡಿಸಿ ತೋರಿಸಿದರು. ಹಾಗೆಂದು ಬೀಜ ಕುಟ್ಟಿ ಪುಡಿ ನುಂಗುವುದು ಅಪಾಯ, ಪ್ರಮಾಣ ತಪ್ಪುತ್ತದೆ. ಮಾತ್ರೆಯನ್ನು ಊಟಕ್ಕೆ ಅರ್ಧ ತಾಸು ಮೊದಲು, ದಿನವೂ ಅದೇ ಹೊತ್ತಿಗೆ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನ್ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಆದರೆ ತೋಲ ತಪ್ಪುವುದು, ಕಾಲು ಅಂಟುವುದು ಮಾತ್ರೆಗೆ ಪೂರ್ತಿ ಬಗ್ಗುವ ತೊಂದರೆಗಳಲ್ಲ. ಅಲ್ಲಿ ಕಲಿಸುವವರು ಬೇಕು.

ಕಲಿಸುವ ಬಗೆ ಹೀಗೆ. ಕುರ್ಚಿಯಿಂದ ಏಳುವಾಗ ಪಾದ ಹಿಂದಕ್ಕೆಳೆದು, ಮೂಗು ಮೊಣಕಾಲಿನ ಆಚೆ ಬರುವಷ್ಟು ಬಾಗಿ ಏಳಬೇಕು. ನಿಂತಲ್ಲೇ ಗಿರಕ್ಕನೆ ತಿರುಗಬಾರದು. ಗಾಡಿ ಹೊರಳಿಸುವಷ್ಟು ಅಗಲ ಸುತ್ತಿ ಬರಬೇಕು, ಬೀಳುವುದು ಹೆಚ್ಚಾಗಿ ತಿರುಗುವಾಗಲೇ. ಕಾಲು ಅಂಟಿದಾಗ ಮನೆಯವರು ರಟ್ಟೆ ಹಿಡಿದು ಎಳೆಯುತ್ತಾರೆ, ಅದರಿಂದ ಕಾಯಿಲೆಯವರು ಮುಗ್ಗರಿಸುತ್ತಾರೆ. ಮೊದಲು ಪೂರ್ತಿ ನಿಲ್ಲಬೇಕು, ಮೈಭಾರವನ್ನು ಬಲಕ್ಕೆ ಎಡಕ್ಕೆ ಹೊರಳಿಸಬೇಕು, ಆಮೇಲೆ ಒಂದು ದೊಡ್ಡ ಹೆಜ್ಜೆ. ನಡೆಯುವಾಗ ಮಾತಾಡಿಸಬಾರದು, ಕೈಯಲ್ಲಿ ಚಹಾದ ಕಪ್ಪು ಕೊಡಬಾರದು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ತಾಳ. ಕೇಳುವ ತಾಳಕ್ಕೆ ಹೆಜ್ಜೆ ಕೂಡಿಸಿದರೆ ನಡಿಗೆಯ ವೇಗವೂ ಹೆಜ್ಜೆಯ ಉದ್ದವೂ ಸುಧಾರಿಸುತ್ತವೆಂದು 1990ರ ದಶಕದಿಂದಲೂ ಅಧ್ಯಯನಗಳು ಹೇಳುತ್ತ ಬಂದಿವೆ. ಆಸ್ಪತ್ರೆಗಳಲ್ಲಿ ಇದಕ್ಕೆ ಒಂದೇ ಲಯದಲ್ಲಿ ಟಕಟಕ ಎನ್ನುವ ಮೆಟ್ರೋನೋಮ್ ಇಡುತ್ತಾರೆ. ಈ ಮನೆಯಲ್ಲಿ ಗೂಟಕ್ಕೆ ಹೆಜ್ಜೆಮೇಳದ ಹಳೆಯ ತಾಳಗಳು ನೇತಾಡುತ್ತಿದ್ದವು. ಮೊಮ್ಮಗ ಬಾರಿಸುತ್ತ ಹೊರಟರೆ ಅಜ್ಜನ ಬೆನ್ನು ನೆಟ್ಟಗಾಗುತ್ತದೆ, ತೋಳು ಬೀಸತೊಡಗುತ್ತವೆ. ಅಂಗಳದ ಕೊನೆಯವರೆಗೆ ಹೋಗಿ ಅಗಲವಾಗಿ ತಿರುಗಿ ಬರುತ್ತಾರೆ. ಮೊಮ್ಮಗ ಲಯ ಏರಿಸಿದ ಕೂಡಲೇ ಅಜ್ಜ ಗದರಿದರು: "ಏ, ದುಡಕೀಗೆ ಹೋಗಬ್ಯಾಡೋ, ತಾಳ ಹಿಡದ ಬಾರ್ಸು." ಆ ಗದರಿಕೆಯಲ್ಲಿ ಮೇಳದ ಹಿರಿಯನ ದನಿಯಿತ್ತು.

ಹೊರಗಿನ ನಾಡುಗಳಲ್ಲಿ ಈ ಕೆಲಸಕ್ಕೆ ನೃತ್ಯವನ್ನೂ ತಾಯ್ ಚಿ ಎಂಬ ನಿಧಾನ ಚಲನೆಯ ಚೀನೀ ವ್ಯಾಯಾಮವನ್ನೂ ಬಳಸಿದ್ದಾರೆ. ನ್ಯೂಯಾರ್ಕಿನ ಮಾರ್ಕ್ ಮಾರಿಸ್ ನೃತ್ಯತಂಡ 2001ರಿಂದ ಪಾರ್ಕಿನ್ಸನ್ ಇರುವವರಿಗೆ ಕುಣಿತ ಕಲಿಸುತ್ತಿದೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ 195 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆರಡು ಸಲದಂತೆ 24 ವಾರ ತಾಯ್ ಚಿ ಮಾಡಿದವರ ತೋಲ ಸುಧಾರಿಸಿತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದು ಕಡಿಮೆ. ಕೋಲಾಟ, ಹೆಜ್ಜೆಮೇಳ, ಜಗ್ಗಲಗಿ ಇರುವ ನಮ್ಮ ಸೀಮೆಯಲ್ಲಿ ಮೈಭಾರ ಹೊರಳಿಸುವುದನ್ನು, ತಾಳಕ್ಕೆ ಹೆಜ್ಜೆ ಇಡುವುದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ.

ಮನೆಯನ್ನೂ ಒಂದಿಷ್ಟು ತಿದ್ದಬೇಕು. ನವಲಗುಂದದ ಜಮಖಾನೆ ನಮ್ಮ ಹೆಮ್ಮೆ, ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆದರೆ ಇಂಥವರು ಓಡಾಡುವ ದಾರಿಯಲ್ಲಿ ಅಂಚು ಮಡಚಿಕೊಳ್ಳುವ ಯಾವ ಹಾಸನ್ನೂ ಬಿಡಬಾರದು. ಬಚ್ಚಲಲ್ಲಿ ಹಿಡಿಕೆ, ರಾತ್ರಿ ಸಣ್ಣ ದೀಪ, ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಹತ್ತುತ್ತದೆ. ಆಗ ಹೊಲದ ದಾರಿ ಬಿಟ್ಟು ಗುಡಿಯ ಕಟ್ಟೆಯ ಸುತ್ತ ನಡೆದರೆ ಸಾಕು.

ಎಲ್ಲ ನಡಿಗೆಯ ತೊಂದರೆಯೂ ಪಾರ್ಕಿನ್ಸನ್ ಅಲ್ಲ. ಕಿರುಮಿದುಳು ಸವೆಯುವ ಅಟ್ಯಾಕ್ಸಿಯಾದಲ್ಲಿ ಕಾಲು ಅಗಲಿಸಿ ತೂರಾಡುತ್ತಾರೆ; ಅದಕ್ಕೆ ತರಬೇತಿ ಬೇರೆ. ಶುರುವಿನಲ್ಲೇ ಪದೇ ಪದೇ ಹಿಂದಕ್ಕೆ ಬೀಳುವವರಿದ್ದರೆ ಅದು ಇನ್ನೊಂದು ಬಗೆಯ ಕಾಯಿಲೆಯಿರಬಹುದು. ಆದ್ದರಿಂದ ನರವೈದ್ಯರು ಮೊದಲು ನೋಡಲೇಬೇಕು. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾಗಿ ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಆಗಿರುವ ಹುಬ್ಬಳ್ಳಿಯ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಸತ್ತೂರಿನ ಎಸ್‌ಡಿಎಂ ನಮ್ಮ ಜಿಲ್ಲೆಯಲ್ಲೇ ಇವೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಸೇರಿದೆ ಎಂಬುದು ಹಳ್ಳಿಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಆದರೆ ಈ ಕಸುಬು ಹುಬ್ಬಳ್ಳಿಗೊಮ್ಮೆ ಹೋಗಿ ಬಂದರೆ ಮುಗಿಯುವಂಥದಲ್ಲ. ವಾರಕ್ಕೆರಡು ಮೂರು ಸಲ, ವರ್ಷಾನುಗಟ್ಟಲೆ ಮಾಡಿದರೆ ಫಲ. ಬಿಟ್ಟರೆ ಗಳಿಸಿದ್ದು ಕರಗುತ್ತದೆ. ಕುಂದಗೋಳ, ನವಲಗುಂದದ ಒಳಹಳ್ಳಿಯಿಂದ ನಡುಗುವ ಕಾಲಿನ ಮನುಷ್ಯ ಬಸ್ಸಿನ ಮೆಟ್ಟಿಲು ಹತ್ತಿ, ನೂಕುನುಗ್ಗಲಿನಲ್ಲಿ ನಿಂತು ಬಂದು ಹೋಗುವುದರಲ್ಲೇ ದಿನ ಮುಗಿಯುತ್ತದೆ, ಜೊತೆಗೆ ಬಂದವರ ಒಂದು ದಿನದ ಕೂಲಿಯೂ ಹೋಗುತ್ತದೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಅತ್ತೆಯೊಬ್ಬಳಿಗೆ ಕೈ ನಡುಗಿ ರೊಟ್ಟಿ ಹರಿದರೆ ಅದನ್ನು ಕಾಯಿಲೆ ಎಂದು ಎಣಿಸುವವರೇ ವಿರಳ.

ನಮ್ಮ ಊರುಗಳಲ್ಲಿ ಬಾಗಿಲು ಹಾಕಿಕೊಂಡ ಗರಡಿಮನೆಗಳಿವೆ, ಸಂಜೆ ಖಾಲಿ ಬಿದ್ದಿರುವ ಸಮುದಾಯ ಭವನಗಳಿವೆ. ವಾರಕ್ಕೆರಡು ಸಂಜೆ ಅಲ್ಲಿ ನೆಲಕ್ಕೆ ಗೆರೆ ಹಾಕಿ, ಭಜನೆಯವರ ತಾಳ ತರಿಸಿ, ತಾಲ್ಲೂಕಿಗೊಬ್ಬ ಫಿಸಿಯೋ ಊರೂರು ಸುತ್ತುವಂತಾದರೆ ಆಗುವ ಖರ್ಚು ಅಲ್ಪ. ಸೊಂಟ ಮುರಿದು ಹಾಸಿಗೆ ಹಿಡಿದವರ ಖರ್ಚಿನ ಮುಂದೆ ಅದು ಏನೇನೂ ಅಲ್ಲ. ಆಶಾ ಕಾರ್ಯಕರ್ತೆಯರಿಗೆ ಈ ಲಕ್ಷಣಗಳನ್ನು ಗುರುತಿಸಲು ಒಂದು ದಿನ ಕಲಿಸಿದರೂ ಎಷ್ಟೋ ಮನೆಗಳ ಕತ್ತಲು ತಿಳಿಯಾದೀತು.

"ವಯಸ್ಸಾತು, ಇನ್ನೇನ್ ಮತ್ತ" ಎಂದು ನಾವು ಮೂಲೆಯಲ್ಲಿ ಕೂರಿಸಿದ ಹಿರಿಯರು ಪ್ರತಿ ಊರಲ್ಲೂ ಇದ್ದರು. ಅವರಲ್ಲಿ ಎಷ್ಟು ಜನ ನಾಲ್ಕು ಗೆರೆಗಳಿದ್ದಿದ್ದರೆ ಎದ್ದು ಗುಡಿಗೆ, ಹೊಲಕ್ಕೆ, ಮಗಳ ಮನೆಗೆ ಹೋಗಿ ಬರುತ್ತಿದ್ದರೋ! ಅವರ ಕಾಲ ಹೋಯಿತು. ಈಗ ಕೂತಿರುವವರ ಕಾಲವಾದರೂ ಹಾಗೆ ಹೋಗಬಾರದು.