ಒಂದೇ ಬದಿ ಬೇಯುವ ಸಿಹಿ: ಕತಾಯಿಫ್

ಗಲ್ಫಿನಿಂದ ರಜೆಗೆ ಬರುವ ನಮ್ಮವರ ಪೆಟ್ಟಿಗೆಯಲ್ಲಿ ಖರ್ಜೂರ, ಪಿಸ್ತಾ ಇದ್ದೇ ಇರುತ್ತವೆ. ಆದರೆ ಅಲ್ಲಿ ಅವರು ಮೆಚ್ಚಿ ತಿಂದ ಒಂದು ಸಿಹಿ ಮಾತ್ರ ಊರು ಮುಟ್ಟುವುದಿಲ್ಲ. ಹಾಲಿನ ಕೆನೆ ತುಂಬಿದ ಆ ತಿಂಡಿಯನ್ನು ಮಾಡಿದ ದಿನವೇ ತಿಂದು ಮುಗಿಸಬೇಕು. ಅದರ ಹೆಸರು ಕತಾಯಿಫ್.

ಇದು ಬಹಳ ಹಳೆಯ ತಿಂಡಿ. 10ನೇ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಸಯ್ಯಾರ್ ಅಲ್-ವರ್‍ರಾಕ್ ಬರೆದ ಅಡುಗೆ ಪುಸ್ತಕದಲ್ಲಿಯೇ ಇದರ ಮಾತಿದೆ. ಸಿರಿಯಾ, ಪ್ಯಾಲೆಸ್ತೀನ್, ಜೋರ್ಡಾನ್, ಈಜಿಪ್ಟ್ ದೇಶಗಳಲ್ಲಿ ರಂಜಾನ್ ತಿಂಗಳು ಬಂತೆಂದರೆ ಬೀದಿ ಬೀದಿಯಲ್ಲಿ ಇದರ ಕಾವಲಿ ಕಾಯುತ್ತದೆ.

ಲೆಬನಾನಿನ ಕ್ರೈಸ್ತರಿಗೂ ಇದು ಹಬ್ಬದ ಸಿಹಿಯೇ. ಡಿಸೆಂಬರ್ 4, ಸಂತ ಬಾರ್ಬರಾಳ ಹಬ್ಬ. ತಂದೆಯಿಂದ ತಪ್ಪಿಸಿಕೊಂಡು ಓಡುವಾಗ ಗೋಧಿಯ ಪೈರು ಬೆಳೆದು ಅವಳನ್ನು ಮರೆಮಾಡಿತೆಂದು ಅಲ್ಲಿಯ ಜನ ಕಥೆ ಹೇಳುತ್ತಾರೆ. ಅದಕ್ಕೇ ಅಂದು ಬೇಯಿಸಿದ ಗೋಧಿಯ ಸಿಹಿ, ಜೊತೆಗೆ ಕತಾಯಿಫ್. ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗುತ್ತಾರೆ. ಹೀಗೆ ಒಂದೇ ಕಾವಲಿಯ ತಿಂಡಿ ಎರಡು ಧರ್ಮದವರ ಹಬ್ಬಕ್ಕೂ ಒದಗುತ್ತದೆ.

ನಾವೂ ಒಮ್ಮೆ ಮನೆಯಲ್ಲಿ ಮಾಡಲು ಹೊರಟೆವು. ದೋಸೆಯ ಅಭ್ಯಾಸದ ಕೈ ಸುಮ್ಮನಿರಲಿಲ್ಲ, ಮಗುಚಿ ಹಾಕಿಯೇ ಬಿಟ್ಟೆವು. ಮಡಿಸಿದರೆ ಅಂಚು ಅಂಟಲೊಲ್ಲದು, ಕೆನೆಯೆಲ್ಲ ತಟ್ಟೆಗೆ! ಗುಟ್ಟು ಇರುವುದೇ ಅಲ್ಲಿ. ಸುರ್ನಳಿಯಂತೆ ಇದನ್ನು ಒಂದೇ ಬದಿ ಬೇಯಿಸಬೇಕು. ಮೇಲ್ಮೈಯ ಹಸಿತನವೇ ಇದಕ್ಕೆ ಅಂಟು.

ಮಾಡುವ ಕ್ರಮ ಹೀಗಿದೆ. ಒಂದು ಕಪ್ ಮೈದಾ, ಕಾಲು ಕಪ್ ಚಿರೋಟಿ ರವೆ, ಒಂದು ದೊಡ್ಡ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಯೀಸ್ಟ್, ಚಿಟಿಕೆ ಉಪ್ಪು ಇವುಗಳಿಗೆ ಉಗುರುಬೆಚ್ಚಗಿನ ನೀರು ಸುಮಾರು ಒಂದೂಕಾಲು ಕಪ್ ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಅರ್ಧ ಗಂಟೆ ಇಡಿ. ಅರ್ಧ ಲೀಟರ್ ಹಾಲಿಗೆ ನಾಲ್ಕು ದೊಡ್ಡ ಚಮಚ ಕಾರ್ನ್‌ಫ್ಲೋರ್, ಸ್ವಲ್ಪ ಸಕ್ಕರೆ ಹಾಕಿ, ಕೈಬಿಡದೆ ಕದಡುತ್ತ ಗಟ್ಟಿಯಾಗುವವರೆಗೆ ಕಾಯಿಸಿ. ಮನೆಯ ಹಾಲಿನ ಕೆನೆ, ಕೆಲವು ಹನಿ ಪನ್ನೀರು ಬೆರೆಸಿ ಚೆನ್ನಾಗಿ ತಣಿಸಿ. ಅರಬರು ಇದನ್ನು ‘ಕಶ್ತಾ’ ಎನ್ನುತ್ತಾರೆ. ಒಂದು ಕಪ್ ಸಕ್ಕರೆಗೆ ಅರ್ಧ ಕಪ್ ನೀರು, ನಾಲ್ಕು ಹನಿ ಲಿಂಬೆರಸ ಹಾಕಿ ಕುದಿಸಿದರೆ ಪಾಕ ಸಿದ್ಧ.

ಎಣ್ಣೆ ಸವರದ ಕಾವಲಿಯ ಮೇಲೆ, ಹದ ಉರಿಯಲ್ಲಿ, ಅಂಗೈಗಿಂತ ಚಿಕ್ಕದಾಗಿ ಹಿಟ್ಟು ಹೊಯ್ಯಿರಿ. ಮೇಲೆಲ್ಲ ತೂತು ಎದ್ದು ಹಸಿ ಹೊಳಪು ಮಾಯವಾದೊಡನೆ ತೆಗೆದು ಬಟ್ಟೆಯಡಿ ಮುಚ್ಚಿಡಿ. ಬಿಸಿ ಆರುತ್ತಲೇ ಅರ್ಧದವರೆಗೆ ಅಂಚು ಒತ್ತಿ, ತೆರೆದ ಬಾಯಿಗೆ ಕೆನೆ ತುಂಬಿ, ಪಿಸ್ತಾ ಪುಡಿಯಲ್ಲಿ ಅದ್ದಿ, ಪಾಕ ಹನಿಸಿ. ಕರಿಯುವುದು ಬೇಡ. ಇದಕ್ಕೆ ‘ಅಸಾಫಿರಿ’, ಅಂದರೆ ಗುಬ್ಬಚ್ಚಿಯಂಥದು, ಎಂದು ಹೆಸರು. ಅಂಚನ್ನು ಪೂರ್ತಿ ಒತ್ತಿದರೆ ನಮ್ಮ ನೆವ್ರಿಯದೇ ಆಕಾರ. ಹಾಗೆ ಮುಚ್ಚಿದ್ದಕ್ಕೆ ಅಕ್ರೋಟು ತುಂಬಿ ಕರಿಯುವುದೂ ಉಂಟು.

ಕ್ರಿಸ್ಮಸ್ಸಿಗೆ ನಾವು ನೆರೆಮನೆಗೆ ಕಳಿಸಿದ ಕುಸ್ವಾರಿನ ತಟ್ಟೆ ರಂಜಾನಿಗೆ ತುಂಬಿಯೇ ಮರಳುತ್ತದೆ. ಈ ಬಾರಿ ಆ ತಟ್ಟೆಯಲ್ಲಿ ನಾಲ್ಕು ಕತಾಯಿಫ್ ಇಟ್ಟು ನೋಡೋಣ. ಹೇಗೂ ನಾಳೆಗೆ ಉಳಿಸಲಾಗದ ಸಿಹಿ, ಹಂಚಿಯೇ ತಿನ್ನಬೇಕು.